ಫೆರೋಥಾರ್ನ್ ಬೋರಿಂಗ್ ಅಲ್ಲ, ನೀವೇ ಸುಮ್ನೆ ಹೋಗಿ ಮುಟ್ಟುತ್ತೀರಿ

ಎಲ್ಲರಿಗೂ ನಮಸ್ಕಾರ. ಇವತ್ತು ಬೈಸಿಕೊಳ್ಳಲು ರೆಡಿಯಾಗಿಯೇ ಕೂತಿದ್ದೇನೆ.

ಪೋಕೆಮಾನ್, ಅಂದರೆ ವಿಚಿತ್ರ ಜೀವಿಗಳನ್ನು ಹಿಡಿದು ಕಾದಾಡಿಸುವ ವಿಡಿಯೋ ಗೇಮ್, ಆಡುವ ನಾಲ್ಕು ಜನ ಸೇರಿದ ಕಡೆ ಅದರಲ್ಲಿನ ಫೆರೋಥಾರ್ನ್ ಅನ್ನುವ ಜೀವಿಯ ಹೆಸರು ಎತ್ತಿ ನೋಡಿ. ಒಬ್ಬ ಹಲ್ಲು ಕಡಿಯುತ್ತಾನೆ. ಇನ್ನೊಬ್ಬ "ಅಯ್ಯೋ, ಅದು ಬಂದರೆ ಆಟ ಮುಗಿಯೋದೇ ಇಲ್ಲ ಮಾರಾಯ" ಅನ್ನುತ್ತಾನೆ. ಬೋರು, ಜಿಗುಟು, ಸುಮ್ನೆ ಕೂತು ಜೀವ ತಿನ್ನುತ್ತದೆ, ಹೀಗೆ ದೂರು ಮೇಲೆ ದೂರು. ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ನೋಡಲು ಹೇಗಿದೆಯೋ ಆಡಲೂ ಹಾಗೇ ಇರುವ ಪೋಕೆಮಾನ್ ಈ ಸರಣಿಯಲ್ಲಿ ಬಹಳ ಕಡಿಮೆ. ಅವುಗಳಲ್ಲಿ ನನ್ನ ಮಟ್ಟಿಗೆ ಮೊದಲ ಸ್ಥಾನ ಫೆರೋಥಾರ್ನ್‌ಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2010ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಬ್ಲ್ಯಾಕ್ ಮತ್ತು ವೈಟ್ ಬಂತು. ಆ ಆಟದಲ್ಲಿ ಅದನ್ನು ತಯಾರಿಸಿದ ಗೇಮ್ ಫ್ರೀಕ್ ಕಂಪನಿಯವರು ಒಂದು ಧೈರ್ಯ ಮಾಡಿದ್ದರು. ಮುಖ್ಯ ಕಥೆ ಮುಗಿಯುವ ತನಕ ಹೊಸ 156 ಪೋಕೆಮಾನ್‌ಗಳು ಮಾತ್ರ ಸಿಗುತ್ತವೆ, ಹಳೆಯವು ಒಂದೂ ಕಣ್ಣಿಗೆ ಬೀಳುವುದಿಲ್ಲ. ಅಂದರೆ ಗುಹೆಯೊಳಗೆ ಹೋದರೆ ಹಳೆಯ ಆಟಗಳ ಝೂಬ್ಯಾಟ್ ಬಾವಲಿಯ ಕಾಟ ಇಲ್ಲ. ಅದಕ್ಕೇ ಒಂದು ದೊಡ್ಡ ನಮಸ್ಕಾರ ಹಾಕಬೇಕು. ಕಥೆಯ ನಡುವೆ ಚಾರ್ಜ್‌ಸ್ಟೋನ್ ಕೇವ್ ಅಂತ ಒಂದು ಗುಹೆ ಬರುತ್ತದೆ. ಕರೆಂಟ್ ತುಂಬಿಕೊಂಡು ಗಾಳಿಯಲ್ಲಿ ತೇಲುವ ನೀಲಿ ಕಲ್ಲುಗಳು, ಅವುಗಳ ನಡುವೆ ಫೆರೋಸೀಡ್. ಉಮ್ಮತ್ತಿ ಕಾಯಿಗೆ ಕಣ್ಣು ಬರೆದು ಕಬ್ಬಿಣದ ಮುಳ್ಳು ಚುಚ್ಚಿದ ಹಾಗಿರುವ ಪುಟ್ಟ ಜೀವಿ. ಗುಹೆಯ ಬಂಡೆಗೆ ಅಂಟಿಕೊಂಡು ಅದರೊಳಗಿನ ಕಬ್ಬಿಣವನ್ನು ಹೀರುತ್ತದೆ ಅಂತ ಆಟದೊಳಗಿನ ಪೋಕೆಮಾನ್ ಕೋಶವಾದ ಪೋಕೆಡೆಕ್ಸ್ ಹೇಳುತ್ತದೆ.

ಇದು ಲೆವೆಲ್ 40ಕ್ಕೆ ಫೆರೋಥಾರ್ನ್ ಆಗುತ್ತದೆ. ಎತ್ತರ ಬರೀ 1 ಮೀಟರ್, ತೂಕ 110 ಕಿಲೋ. ಗುಹೆಯ ಮೇಲ್ಛಾವಣಿಗೆ ಅಂಟಿಕೊಂಡು, ಕೆಳಗೆ ಹಾದುಹೋಗುವವರ ಮೇಲೆ ಉಕ್ಕಿನ ಮುಳ್ಳು ಬಿಡುತ್ತದಂತೆ. ಆ ಛಾವಣಿ ಹೇಗೆ ತಡೆಯುತ್ತದೋ ದೇವರೇ ಬಲ್ಲ.

ಈಗ ವಿಷಯಕ್ಕೆ ಬರೋಣ. ಇದು ಗ್ರಾಸ್ ಮತ್ತು ಸ್ಟೀಲ್, ಎರಡೂ ಟೈಪ್. ಯಾವ ಏಟು ಜಾಸ್ತಿ ತಾಗುತ್ತದೆ, ಯಾವುದು ಕಡಿಮೆ ಅಂತ ಹೇಳುವುದು ಈ ಟೈಪೇ. ಬರೀ ಗ್ರಾಸ್ ಆಗಿದ್ದರೆ ಐದು ಕಡೆಯಿಂದ ಪೆಟ್ಟು: ಫೈರ್, ಐಸ್, ಪಾಯಿಸನ್, ಫ್ಲೈಯಿಂಗ್, ಬಗ್. ಮೈಮೇಲೆ ಉಕ್ಕಿನ ಹೊದಿಕೆ ಬಂದ ಕೂಡಲೇ ಇದರಲ್ಲಿ ನಾಲ್ಕರ ಭಯ ಹೋಯಿತು. ಪಾಯಿಸನ್ ಅಂತೂ ತಾಗುವುದೇ ಇಲ್ಲ. ಇತ್ತ ಸ್ಟೀಲ್‌ಗೆ ಗ್ರೌಂಡ್ ಕಂಡರೆ ಆಗದು, ಆ ಕೊರತೆಯನ್ನು ಗ್ರಾಸ್ ತುಂಬಿಕೊಟ್ಟಿತು. ಉಳಿದಿದ್ದು ಎರಡೇ. ಫೈಟಿಂಗ್‌ಗೆ ಎರಡು ಪಟ್ಟು, ಫೈರ್‌ಗೆ ನಾಲ್ಕು ಪಟ್ಟು. ಗಿಡವೂ ಬೆಂಕಿಗೆ ಹೆದರುತ್ತದೆ, ಕಬ್ಬಿಣವೂ ಬೆಂಕಿಗೆ ಕರಗುತ್ತದೆ. ಟೈಪ್ ಚಾರ್ಟ್ ಬಾಯಿಪಾಠ ಮಾಡದ ಮಗು ಕೂಡ ಇದನ್ನು ನೋಡಿದ ತಕ್ಷಣ "ಬೆಂಕಿ ಹಾಕು" ಅನ್ನುತ್ತದೆ, ಅಲ್ವಾ?

ಇದರ ಪಕ್ಕದಲ್ಲಿ ಚೆಸ್‌ನಾಟ್ ಅನ್ನು ಇಟ್ಟು ನೋಡಿ. ಅದೂ ಗಿಡ, ಅದಕ್ಕೂ ರಕ್ಷಾಕವಚ. 2013ರ ಎಕ್ಸ್ ಮತ್ತು ವೈ ಆಟದ ಗ್ರಾಸ್ ಸ್ಟಾರ್ಟರ್‌ನ (ಆಟದ ಶುರುವಿನಲ್ಲಿ ಆರಿಸಿಕೊಳ್ಳುವ ಪೋಕೆಮಾನ್) ಕೊನೆಯ ರೂಪ. ನೋಡಲು ಏನು ಠೀವಿ! ಆದರೆ ಟೈಪ್ ಗ್ರಾಸ್ ಮತ್ತು ಫೈಟಿಂಗ್. ಫೈರ್, ಐಸ್, ಪಾಯಿಸನ್, ಸೈಕಿಕ್, ಫೇರಿ, ಎಲ್ಲದಕ್ಕೂ ಬಲಿ. ಫ್ಲೈಯಿಂಗ್‌ಗೆ ನಾಲ್ಕು ಪಟ್ಟು. ಡಿಫೆನ್ಸ್ ನಂಬರ್ ಚೆನ್ನಾಗಿದೆ, ಒಪ್ಪಿದೆ. ಆದರೂ ಅಷ್ಟು ದಪ್ಪ ಕವಚ ಹೊತ್ತವನಿಗೆ ಒಂದು ಹಕ್ಕಿ ಬಂದು ಕುಕ್ಕಿದರೆ ಕಥೆ ಮುಗಿಯಿತು. ಅದರ ಸ್ಪೈಕಿ ಶೀಲ್ಡ್ ಅನ್ನುವ ಮೂವ್ (ಪಟ್ಟು) ಮುಟ್ಟಿದವರಿಗೆ ಎಂಟನೇ ಒಂದು ಭಾಗ ಜೀವ ಕಳೆಯುತ್ತದೆ, ನಿಜ. ಆದರೆ ಅದಕ್ಕೆ ಒಂದು ಟರ್ನ್ (ಸರದಿ) ಖರ್ಚು ಮಾಡಬೇಕು. ಫೆರೋಥಾರ್ನ್‌ಗೆ ಆ ಖರ್ಚೂ ಇಲ್ಲ. ಅದರ ಐರನ್ ಬಾರ್ಬ್ಸ್ ಎಬಿಲಿಟಿ, ಅಂದರೆ ತಾನಾಗೇ ಕೆಲಸ ಮಾಡುವ ಗುಣ, ಅದೇ ಕೆಲಸವನ್ನು ಸುಮ್ನೆ ಕೂತಲ್ಲೇ ಮಾಡುತ್ತದೆ.

ಇಲ್ಲೇ ನನಗೆ ಈ ಡಿಸೈನ್ ಹುಚ್ಚು ಹಿಡಿಸುವುದು. ಅದರ ಕೈಗೆ ರಾಕಿ ಹೆಲ್ಮೆಟ್ ಕೊಡಿ. ಮುಟ್ಟಿದವರಿಗೆ ಆರನೇ ಒಂದು ಭಾಗ ಕಳೆಯುವ ಐಟಂ ಅದು. ಬಾರ್ಬ್ಸ್ ಮತ್ತು ಹೆಲ್ಮೆಟ್ ಸೇರಿದರೆ ಒಂದು ಸಲ ಮುಟ್ಟಿದ್ದಕ್ಕೆ ಶೇಕಡ 29ರಷ್ಟು ಜೀವ ಹೋಗುತ್ತದೆ. ಎದುರಿಗೆ ಸಿನ್ಚಿನೋ ಬಂತು ಅಂದುಕೊಳ್ಳಿ. ಸ್ಕಿಲ್ ಲಿಂಕ್ ಎಬಿಲಿಟಿ ಇರುವ ಸಿನ್ಚಿನೋ, ಟೇಲ್ ಸ್ಲ್ಯಾಪ್ ಮೂವ್. ಬಾಲದ ಏಟು ತಗುಲಿತು ಅಂದರೆ ಒಂದರ ಹಿಂದೊಂದು ಐದೂ ಗ್ಯಾರಂಟಿ. ಬೇರೆಯವರ ಮುಂದೆ ಭಯಂಕರ. ಫೆರೋಥಾರ್ನ್ ಮುಂದೆ? ಮುಳ್ಳು ಪ್ರತಿ ಏಟಿಗೂ ಲೆಕ್ಕ ಹಾಕುತ್ತದೆ. ಮೊದಲ ಏಟು, 29. ಎರಡನೆಯದು, 58. ಮೂರಕ್ಕೆ 87. ನಾಲ್ಕನೇ ಏಟು ಬಿದ್ದಾಗ ಸಿನ್ಚಿನೋ ನೆಲಕ್ಕೆ. ಐದನೆಯದಕ್ಕೆ ಪಾಪ ಬಾಲ ಎತ್ತುವವರೇ ಇಲ್ಲ. ಫೆರೋಥಾರ್ನ್ ಆ ಟರ್ನ್‌ನಲ್ಲಿ ಒಂದು ಬೆರಳೂ ಅಲ್ಲಾಡಿಸಿಲ್ಲ. ಬೆರಳು ಇದ್ದರೆ ತಾನೇ.

ಸ್ಪೈಕ್ಸ್ ಅನ್ನುವ ಅದರ ಮೂವ್ ಕಥೆಯೂ ಹೀಗೇ. ಎದುರಾಳಿಯ ಕಡೆ ನೆಲದ ಮೇಲೆ ಮುಳ್ಳು ಹರಡುತ್ತದೆ. ಮೂರು ಪದರ ಹಾಕಿದರೆ ನೆಲದ ಮೇಲೆ ಕಾಲಿಡುವ ಪ್ರತಿಯೊಬ್ಬನಿಗೂ ಕಾಲು ಭಾಗ ಜೀವ ಹೋಗುತ್ತದೆ. ಅದನ್ನು ಗುಡಿಸಿ ಹಾಕುವ ಒಂದು ದಾರಿ ರ‍್ಯಾಪಿಡ್ ಸ್ಪಿನ್ ಅನ್ನುವ ಮೂವ್. ರ‍್ಯಾಪಿಡ್ ಸ್ಪಿನ್ ಮಾಡಬೇಕಾದರೆ ಎದುರಿಗಿರುವವನನ್ನು ಮುಟ್ಟಬೇಕು. ಎದುರಿಗೆ ಇರುವವನು ಯಾರು? ಅದೇ ಮುಳ್ಳಿನ ಒಡೆಯ! ಗುಡಿಸಲು ಬಂದ ಸ್ಟಾರ್‌ಮಿ ಕೈ ಚುಚ್ಚಿಸಿಕೊಂಡು, ಮೇಲೆ ಒಂದು ಪವರ್ ವಿಪ್ ತಿಂದು ಮನೆಗೆ ಹೋಗುತ್ತದೆ.

ಇನ್ನು ವೇಗ. ಅದರ ಮೂಲ ಸ್ಪೀಡ್ 20. ಆಮೆಗೂ ನಾಚಿಕೆಯಾಗಬೇಕು. ಮಾಮೂಲಿ ಪೋಕೆಮಾನ್‌ಗೆ ಇದು ಶಾಪ, ಇದಕ್ಕೆ ಮಾತ್ರ ವರ. ಯಾಕೆಂದರೆ ಗೈರೋ ಬಾಲ್ ಅನ್ನುವ ಮೂವ್ ನೀವು ಎಷ್ಟು ನಿಧಾನವೋ ಅಷ್ಟು ಜೋರು. ಎದುರಾಳಿಯ ಸ್ಪೀಡನ್ನು ನಿಮ್ಮ ಸ್ಪೀಡಿನಿಂದ ಭಾಗಿಸಿ, 25ರಿಂದ ಗುಣಿಸಿ, ಅದೇ ಪವರ್, ಗರಿಷ್ಠ 150. ಅದಕ್ಕೇ ತಿಳಿದವರು ಸ್ಪೀಡ್ ಐವಿ (ಹುಟ್ಟಿನಿಂದ ಬರುವ ಅಂಕ) ಸೊನ್ನೆ ಇರುವ, ಸ್ಪೀಡ್ ಇಳಿಸುವ ನೇಚರ್ (ಸ್ವಭಾವ) ಇರುವ ಫೆರೋಥಾರ್ನ್‌ಗಾಗಿ ಮೊಟ್ಟೆ ಮೇಲೆ ಮೊಟ್ಟೆ ಒಡೆಸುತ್ತಾರೆ. ಲೆವೆಲ್ 100ರಲ್ಲಿ ಅಂಥದ್ದರ ಸ್ಪೀಡ್ ಬರೀ 40. ಎದುರಿಗೆ 350 ಸ್ಪೀಡಿನ ಲಾಟಿಯೋಸ್ ಹಾರಿ ಬಂದರೆ ಲೆಕ್ಕ 200 ದಾಟುತ್ತದೆ, 150ಕ್ಕೆ ನಿಲ್ಲಿಸುತ್ತಾರೆ. ಅದೇ 96 ಸ್ಪೀಡಿನ ಸ್ಲೋಬ್ರೋ ಆಗಿದ್ದರೆ ಸುಮಾರು 60 ಅಷ್ಟೇ. ನೀವು ಜಾಸ್ತಿ ಅವಸರ ಮಾಡಿದಷ್ಟೂ ಜಾಸ್ತಿ ಏಟು.

"ಅದೆಲ್ಲ ಸರಿ ಗುರು, ಆದರೂ ಸಾಯೋದೇ ಇಲ್ವಲ್ಲ" ಅನ್ನುವವರಿಗೆ ನನ್ನ ಉತ್ತರ ಇದು. ಸಾಯುತ್ತದೆ. ರಿಕವರ್ ಥರ ಅರ್ಧ ಜೀವ ಒಂದೇ ಸಲಕ್ಕೆ ವಾಪಸ್ ತರುವ ಮೂವ್ ಇದಕ್ಕಿಲ್ಲ. ಲೀಚ್ ಸೀಡ್ ಹಾಕಿ ಎದುರಾಳಿಯಿಂದ ಹೀರಬೇಕು, ಲೆಫ್ಟ್‌ಓವರ್ಸ್ ಹಿಡಿದಿದ್ದರೆ ಟರ್ನ್‌ಗೆ ಹದಿನಾರನೇ ಒಂದು ಭಾಗ. ಅಷ್ಟೇ ಊಟ. ಎದುರಿಗೆ ಗ್ರಾಸ್ ಪೋಕೆಮಾನ್ ನಿಂತರೆ ಲೀಚ್ ಸೀಡ್ ಬೇರು ಬಿಡುವುದೇ ಇಲ್ಲ. ಹೀಟ್ರಾನ್ ಬಂದರಂತೂ ಫೆರೋಥಾರ್ನ್‌ನ ಗ್ರಾಸ್ ಏಟೂ ಸ್ಟೀಲ್ ಏಟೂ ಅದಕ್ಕೆ ಕಾಲು ಭಾಗ ಮಾತ್ರ ತಾಗುತ್ತವೆ, ಅದರ ಬೆಂಕಿ ಮಾತ್ರ ನಾಲ್ಕು ಪಟ್ಟು. ಮ್ಯಾಗ್ನೆಝೋನ್ ಬಂದರೆ ಮ್ಯಾಗ್ನೆಟ್ ಪುಲ್‌ನಿಂದ ಹಿಡಿದಿಟ್ಟುಕೊಂಡು ಓಡಲೂ ಬಿಡುವುದಿಲ್ಲ.

ಒಂದು ವಾದವನ್ನು ಮಾತ್ರ ಒಪ್ಪುತ್ತೇನೆ. ಐದನೇ ಜನರೇಷನ್ನಿನ, ಅಂದರೆ ಬ್ಲ್ಯಾಕ್ ಮತ್ತು ವೈಟ್ ಕಾಲದ, ಮಳೆ ಟೀಮ್‌ಗಳಲ್ಲಿ ಇದು ನಿಜಕ್ಕೂ ಅತಿಯಾಗಿತ್ತು. ಆಗ ಪಾಲಿಟೋಡ್ ತನ್ನ ಎಬಿಲಿಟಿಯಿಂದ ತಂದ ಮಳೆ ನಿಲ್ಲುತ್ತಲೇ ಇರಲಿಲ್ಲ. ಮಳೆಯಲ್ಲಿ ಬೆಂಕಿಯ ಬಲ ಅರ್ಧ. ಇದ್ದ ಒಂದೇ ದೊಡ್ಡ ದೌರ್ಬಲ್ಯಕ್ಕೂ ಯಾರೋ ಕೊಡೆ ಹಿಡಿದರೆ ಇನ್ನೇನು ಉಳಿಯಿತು? ಆದರೆ ಆ ತಪ್ಪು ಮಳೆಯದು. 2013ರಲ್ಲಿ ಅಂಥ ಮಳೆಯನ್ನು ಐದು ಟರ್ನ್‌ಗೆ ಇಳಿಸಿದರು. ಅದೇ ಸಲ ಸ್ಟೀಲ್ ಟೈಪ್‌ಗೆ ಇದ್ದ ಡಾರ್ಕ್ ಮತ್ತು ಘೋಸ್ಟ್ ರಕ್ಷಣೆಯನ್ನೂ ಕಿತ್ತುಕೊಂಡರು. ಆಮೇಲೂ ಇದು ಟೀಮ್‌ಗಳಿಂದ ಮಾಯವಾಗಲಿಲ್ಲ ಅಂದರೆ ಸುಮ್ನೆ ಮಳೆ ನಂಬಿಕೊಂಡು ಬದುಕಿದ್ದಲ್ಲ ಅಂತ ಅರ್ಥ.

2022ರ ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಮಾತ್ರ ಇದು ಇಲ್ಲ. ಆಮೇಲೆ ಬಂದ ಹೆಚ್ಚುವರಿ ಭಾಗಗಳಲ್ಲೂ (ಡಿಎಲ್‌ಸಿ) ಬರಲಿಲ್ಲ. ನನಗೆ ಆ ಆಟದ ಬ್ಯಾಟಲ್‌ಗಳಲ್ಲಿ ಎದ್ದು ಕಾಣುವ ಕೊರತೆ ಇದೇ. ಎಲ್ಲರೂ ಓಡುತ್ತಾರೆ, ಎಲ್ಲರೂ ಹೊಡೆಯುತ್ತಾರೆ, "ಮುಟ್ಟಲೋ ಬೇಡವೋ" ಅಂತ ಎದುರಾಳಿ ಒಂದು ಕ್ಷಣ ಯೋಚಿಸುವ ಆ ಮಜಾ ಕಡಿಮೆಯಾಗಿದೆ. ಹೊಟ್ಟೆ ಉರಿಯುವವರು ಪೋಕೆಮಾನ್ ಶೋಡೌನ್ ಅನ್ನುವ ಆನ್‌ಲೈನ್ ಬ್ಯಾಟಲ್ ಸೈಟಿಗೆ ಹೋಗಿ ಹಳೆಯ ಜನರೇಷನ್ ಆಡಬಹುದು. ಬ್ರೌಸರ್‌ನಲ್ಲೇ ಪುಕ್ಕಟೆ ಓಡುತ್ತದೆ, ನಾನೂ ಅಲ್ಲೇ ಬಿದ್ದಿರುತ್ತೇನೆ.

ಮುಂದೆ ಯಾವತ್ತಾದರೂ ವಾಪಸ್ ತಂದರೆ ಗೇಮ್ ಫ್ರೀಕ್‌ನವರಿಗೆ ನನ್ನದು ಒಂದೇ ಕೋರಿಕೆ. ಹೊಸ ಮೂವ್ ಕೊಡಿ, ಬೇಡ ಅಂದರೆ ಒಂದೆರಡು ಕಿತ್ತುಕೊಳ್ಳಿ, ಬೇಸರವಿಲ್ಲ. ಆ 20 ಸ್ಪೀಡನ್ನು ಮಾತ್ರ 21 ಮಾಡಬೇಡಿ.