ಮುದ್ದೆಗೆ ತಕ್ಕಷ್ಟು ಸಾರು

ನಮಸ್ಕಾರ. ಪಾವಗಡ, ಮಧುಗಿರಿ, ಸಿರಾ ಕಡೆ ರೊಪ್ಪದ ಪಕ್ಕ ರೇಡಿಯೊ ಇಟ್ಟುಕೊಂಡು ಕೂತಿರುವ ಮೇಕೆ ಸಾಕುವವರಿಗೆ ಈ ಮಾತು. ನಾನು ಪಶುವೈದ್ಯ. ಇವತ್ತು ಒಂದೇ ವಿಷಯ ಹೇಳುತ್ತೇನೆ. ಮೇಕೆಗೆ ಸುಬಾಬುಲ್ ಮರದ ಸೊಪ್ಪು ಕೊಡಿ, ಆದರೆ ಮೇವಿನಲ್ಲಿ ಮೂರನೇ ಒಂದು ಪಾಲು ಮಾತ್ರ. ಹುಲ್ಲು, ಬೇರೆ ಸೊಪ್ಪು ಎಲ್ಲ ಮುದ್ದೆ ಇದ್ದ ಹಾಗೆ. ಸುಬಾಬುಲ್ ಸಾರು ಇದ್ದ ಹಾಗೆ. ಬರೀ ಸಾರು ಕುಡಿದು ಯಾರಾದರೂ ಹೊಲಕ್ಕೆ ಹೋಗುತ್ತಾರಾ?

ಸಾರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ರಾಗಿ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ 3-4 ಪಾಲು. ಒಣಗಿಸಿ ಲೆಕ್ಕ ಹಾಕಿದರೆ ಸುಬಾಬುಲ್ ಎಲೆಯಲ್ಲಿ 20ಕ್ಕೂ ಮೇಲೆ. ಮರಿ ಮೈ ತುಂಬಿಕೊಳ್ಳುತ್ತದೆ, ತಾಯಿಗೆ ಹಾಲು ಇಳಿಯುತ್ತದೆ. ಇಷ್ಟು ಕೇಳಿದ ತಕ್ಷಣ ನಮ್ಮ ಜನ ಕುಡುಗೋಲು ಹುಡುಕುವುದಕ್ಕೆ ಎದ್ದುಬಿಡುತ್ತಾರೆ. ಸ್ವಲ್ಪ ಕೂತ್ಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ಹೊಸತು. ಪಾವಗಡದ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಹನ್ನೊಂದು ಮೇಕೆ. ಮಳೆ ಕೈಕೊಟ್ಟಿತ್ತು. "ಸುಬಾಬುಲ್ ಹಾಕಜ್ಜಿ, ಬಂಗಾರದಂಥ ಸೊಪ್ಪು" ಎಂದು ಹೇಳಿ ಬಂದೆ. ಎಷ್ಟು ಹಾಕಬೇಕು ಅಂತ ಹೇಳಲಿಲ್ಲ. ಅಜ್ಜಿ ಪಕ್ಕದ ತೋಟದ ಬೇಲಿ ಮರ ಕೇಳಿಕೊಂಡು, ಬೆಳಗ್ಗೆ ಸಂಜೆ ಅದನ್ನೇ ಹಾಕಿದರು. ಅದೂ ಎಳೆ ಚಿಗುರನ್ನೇ ಆರಿಸಿ ಆರಿಸಿ. ಮೂರನೇ ವಾರ ಹೋಗಿ ನೋಡಿದರೆ ಮನೆ ಮುಂದೆ ಜನವೋ ಜನ. ಮೇಕೆ ಮೈ ಸವರಿದರೆ ಕೂದಲು ಹಿಡಿ ಹಿಡಿ ಕೈಗೆ ಬರುತ್ತಿತ್ತು. ಬಾಯಲ್ಲಿ ಜೊಲ್ಲು. ಮೇವು ಮುಟ್ಟುತ್ತಿರಲಿಲ್ಲ. ಇದು ಅಮ್ಮನ ಕಾಟ ಅಂತ ಊರವರು ಹರಕೆ ಹೊತ್ತಿದ್ದರು. ಅಜ್ಜಿ ನನ್ನನ್ನು ನೋಡಿ, "ಅಮ್ಮನೂ ಅಲ್ಲ ಗುಮ್ಮನೂ ಅಲ್ಲ, ನನ್ ಮೇಕೆಗೆ ಮುಡಿ ತೆಗೆಸಿದ್ದು ಈ ಸಾಮಿನೇ" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಸುಬಾಬುಲ್‌ನಲ್ಲಿ ಮಿಮೋಸಿನ್ ಅಂತ ಒಂದು ವಿಷ ಇದೆ. ಚಿಗುರಿನಲ್ಲಿ ಜಾಸ್ತಿ. ಅದೇ ಕೂದಲು ಉದುರಿಸುವುದು. ಮೇಕೆ ಹೊಟ್ಟೆಯಲ್ಲಿ ಅದು ಇನ್ನೊಂದು ರೂಪ ತಾಳಿ ಥೈರಾಯ್ಡ್ ಗ್ರಂಥಿಯನ್ನೂ ಕೆಡಿಸುತ್ತದೆ. "ನಮ್ಮ ಮೇಕೆ ದಿನಾ ತಿಂತಾವೆ, ಏನೂ ಆಗಿಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಸಂತೋಷ. ಆ ವಿಷವನ್ನು ಮುರಿಯುವ ಸೂಕ್ಷ್ಮಾಣು ಕೆಲವು ಮೇಕೆಗಳ ಹೊಟ್ಟೆಯಲ್ಲಿ ಇರುತ್ತದೆ. ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಇದನ್ನು ಹವಾಯಿ ದ್ವೀಪದ ಮೇಕೆಗಳಲ್ಲಿ ಗುರುತಿಸಿ, ತಮ್ಮ ದೇಶದ ದನಗಳಿಗೂ ದಾಟಿಸಿದರು. ನಿಮ್ಮ ಮೇಕೆಯ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ, ನೀವು ಒಳಗೆ ಹೊಕ್ಕು ನೋಡಿದ್ದೀರಾ? ಸುಮ್ನೆ ಮೂರನೇ ಒಂದು ಪಾಲು ಹಾಕಿ. ಅಜ್ಜಿ ಆ ಸೊಪ್ಪು ನಿಲ್ಲಿಸಿದ ಮೇಲೆ ಕೂದಲು ಮತ್ತೆ ಬಂತು. ನನ್ನ ಮೇಲಿನ ನಂಬಿಕೆ ಬರುವುದಕ್ಕೆ ಇನ್ನೂ ತಡವಾಯಿತು.

ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಹೋಗುವ ಮುಂಚೆ ಇನ್ನೆರಡು ಸಣ್ಣ ಮಾತು. ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ವಾಸನೆಗೆ ಮೇಕೆ ಮೂಗು ಮುರಿದರೆ ಒಂದು ದಿನ ಬಾಡಿಸಿ ಹಾಕಿ. ಜಂತುಹುಳುವಿನ ಮರಿಗಳು ಇಬ್ಬನಿ ಬಿದ್ದ ಗಿಡ್ಡ ಹುಲ್ಲಿನಲ್ಲಿ ಹತ್ತಿ ಕೂತಿರುತ್ತವೆ, ಮರದ ಮೇಲಲ್ಲ. ಹಾಗಾಗಿ ಸೊಪ್ಪಿನ ಕಟ್ಟನ್ನು ಹಿಕ್ಕೆಯ ಮೇಲೆ ಎಸೆಯಬೇಡಿ, ಮೇಕೆ ಕತ್ತೆತ್ತಿ ತಿನ್ನುವ ಹಾಗೆ ನೇತು ಹಾಕಿ. ಸುಬಾಬುಲ್ ಸೊಪ್ಪು ಎಷ್ಟು? ಗೊತ್ತಲ್ವಾ. ಮೂರನೇ ಒಂದು ಪಾಲು. ನಮಸ್ಕಾರ.