12 ಕೆಲ್ವಿನ್‌ನಲ್ಲಿ ಏಳು ಗಂಟೆ

ನಮಸ್ಕಾರ. ಇವತ್ತು ನೆನಪಿನ ಶಕ್ತಿ ಇರುವ ಒಂದು ಜಾತಿಯ ಅಯಸ್ಕಾಂತದ ವಿಷಯ. ಹೆಸರು ಸ್ಪಿನ್ ಗ್ಲಾಸ್. ಗ್ಲಾಸ್ ಅಂದಾಕ್ಷಣ ಕಿಟಕಿ ಗಾಜು ನೆನಪಾಗಬಹುದು, ಅದಲ್ಲ.

ತಾಮ್ರಕ್ಕೆ ಚೂರೇ ಚೂರು ಮ್ಯಾಂಗನೀಸ್ ಬೆರೆಸಿದ್ದೀವಿ ಅಂದುಕೊಳ್ಳಿ. ಒಂದೊಂದು ಮ್ಯಾಂಗನೀಸ್ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಎಲ್ಲೆಂದರಲ್ಲಿ ಕೂತಿರುತ್ತವೆ. ನಡುವಿನ ದೂರ ಇಷ್ಟಿದ್ದರೆ ಒಂದೇ ಕಡೆ ಮುಖ ಮಾಡುತ್ತವೆ, ದೂರ ಸ್ವಲ್ಪ ಬದಲಾದರೆ ಒಂದಕ್ಕೊಂದು ಬೆನ್ನು ತಿರುಗಿಸುತ್ತವೆ. ಈಗ ಮೂರು ಪರಮಾಣುಗಳಲ್ಲಿ ಪ್ರತಿಯೊಂದಕ್ಕೂ ಉಳಿದೆರಡಕ್ಕೆ ಬೆನ್ನು ತಿರುಗಿಸಿಯೇ ನಿಲ್ಲುವ ಆಸೆ ಅಂತಿಟ್ಟುಕೊಳ್ಳಿ. ಒಂದು ಮೇಲೆ ನೋಡಿತು, ಇನ್ನೊಂದು ಕೆಳಗೆ. ಮೂರನೆಯದು? ಯಾವ ಕಡೆ ತಿರುಗಿದರೂ ಯಾರೋ ಒಬ್ಬರ ಜೊತೆ ಜಗಳ. ಇಂಥ ಲೆಕ್ಕವಿಲ್ಲದಷ್ಟು ಜಗಳ ಹೊಟ್ಟೆಯಲ್ಲಿಟ್ಟುಕೊಂಡೇ ತಣಿಯುವ ವಸ್ತು, ಒಂದು ತಾಪಮಾನಕ್ಕಿಂತ ಕೆಳಗೆ ಸಿಕ್ಕಸಿಕ್ಕ ದಿಕ್ಕಿಗೆ ಹೆಪ್ಪುಗಟ್ಟುತ್ತದೆ. ಆಮೇಲೂ ಸುಮ್ನಿರುವುದಿಲ್ಲ, ಗಂಟೆಗಟ್ಟಲೆ ಒಳಗೊಳಗೇ ಹೊಂದಿಸಿಕೊಳ್ಳುತ್ತಾ ಇರುತ್ತದೆ. ಇದನ್ನು ವಯಸ್ಸಾಗುವುದು ಅಂತಲೇ ಕರೆಯುತ್ತಾರೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ 1998ರಲ್ಲಿ ಪ್ರಕಟವಾದದ್ದು. ಫ್ರಾನ್ಸ್ ಮತ್ತು ಸ್ವೀಡನ್ ವಿಜ್ಞಾನಿಗಳು ಸೇರಿ ಮಾಡಿದ್ದು. ವಸ್ತುವಿನಲ್ಲಿ ಇದ್ದದ್ದು ಕ್ಯಾಡ್ಮಿಯಂ, ಕ್ರೋಮಿಯಂ, ಇಂಡಿಯಂ, ಗಂಧಕ. ಅದು ಹೆಪ್ಪುಗಟ್ಟುವುದು 16.7 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 256 ಡಿಗ್ರಿ ಸೆಲ್ಸಿಯಸ್. ಅದನ್ನು ನಿಧಾನವಾಗಿ ತಣಿಸುತ್ತಾ 12 ಕೆಲ್ವಿನ್‌ಗೆ ಬಂದಾಗ ನಿಲ್ಲಿಸಿದರು. ಏಳು ಗಂಟೆ ಸುಮ್ನೆ ಬಿಟ್ಟರು. ಅಲ್ಲಿ ಅದರ ಕಾಂತೀಯ ಪ್ರತಿಕ್ರಿಯೆ ಮೆಲ್ಲಗೆ ಇಳಿಯಿತು. ಮತ್ತೆ ತಣಿಸಲು ಶುರು ಮಾಡಿದರೆ ಇಳಿದದ್ದೆಲ್ಲ ಮರೆತುಹೋದ ಹಾಗೆ, ಎಲ್ಲೂ ನಿಲ್ಲದೆ ತಣಿದ ವಸ್ತುವಿನ ಗ್ರಾಫ್ ಗೆರೆಗೇ ಬಂದು ಸೇರಿಕೊಂಡಿತು. ಮತ್ತೆ ಯೌವನ! 5 ಕೆಲ್ವಿನ್‌ವರೆಗೂ ಹಾಗೇ ಹೋಯಿತು. ಅಲ್ಲಿಂದ ವಾಪಸ್ ಬಿಸಿ ಮಾಡುತ್ತಾ ಬಂದರು, ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಆದರೂ ಸರಿಯಾಗಿ 12ರ ಹತ್ತಿರ ಬಂದಾಗ ಗೆರೆಯಲ್ಲಿ ಒಂದು ತಗ್ಗು ಬಿತ್ತು. ಹೋಗುವಾಗ ಎಲ್ಲಿ ತಂಗಿತ್ತೋ ಅದೇ ಜಾಗ. ಗ್ರಾಫ್‌ನಲ್ಲಿ ಆ ತಗ್ಗು ನೋಡಿದರೆ ಯಾರೋ ಬೆರಳಿಟ್ಟು ಒತ್ತಿದಂತಿದೆ. ಅಳಿಸಬೇಕೆಂದರೆ 16.7 ದಾಟಿಸಿ ಬಿಸಿ ಮಾಡಿದರೆ ಆಯಿತು.

ಇದಕ್ಕೆ ಇನ್ನೊಂದು ಬಾಲ ಇದೆ. ಬಿಸಿ ನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟಬಹುದು ಅಂತ ಕೇಳಿರುತ್ತೀರಿ, ಅಲ್ವಾ? ಟಾಂಜಾನಿಯಾದ ಎರಾಸ್ಟೊ ಎಂಪೆಂಬಾ ಹುಡುಗನಾಗಿದ್ದಾಗಲೇ ಗಮನಿಸಿದ್ದು, 1969ರಲ್ಲಿ ಭೌತವಿಜ್ಞಾನಿ ಡೆನಿಸ್ ಆಸ್ಬೋರ್ನ್ ಜೊತೆ ಬರೆದು ಪ್ರಕಟಿಸಿದ್ದು. 2019ರಲ್ಲಿ ಜೇನಸ್ ಎಂಬ ಗುಂಪಿನವರು, ಸ್ಪಿನ್ ಗ್ಲಾಸ್ ಲೆಕ್ಕಕ್ಕೆಂದೇ ಕಟ್ಟಿದ ಕಂಪ್ಯೂಟರ್‌ನಲ್ಲಿ, ಸ್ಪಿನ್ ಗ್ಲಾಸ್‌ನಲ್ಲೂ ಹೀಗಾಗುತ್ತದೆ ಅಂತ ತೋರಿಸಿದರು. ಹೆಚ್ಚು ಬಿಸಿ ಇದ್ದದ್ದರೊಳಗೆ ಪುಟಾಣಿ ಅಯಸ್ಕಾಂತಗಳ ಹೊಂದಾಣಿಕೆ ಜಾಸ್ತಿ ದೂರ ಹಬ್ಬಿದ್ದರೆ, ಕಡಿಮೆ ಬಿಸಿಯದ್ದನ್ನು ಅದು ಹಿಂದೆ ಹಾಕಿ ಮೊದಲು ತಣಿಯುತ್ತದೆ. ಮತ್ತೆ ನೆನಪೇ ನೋಡಿ, ಹಿಂದೆ ಏನೇನಾಗಿತ್ತು ಅನ್ನುವುದು ಆ ಹೊಂದಾಣಿಕೆಯಲ್ಲೇ ಉಳಿದಿರುತ್ತದೆ.

ನೀರಿನಲ್ಲಿ ನಿಜಕ್ಕೂ ಹೀಗಾಗುತ್ತದಾ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ.