ಸ್ಕ್ಯಾನ್‌ಗೆ ಮೊದಲು ಗುಣಾಕಾರ

ಕೇಳುಗರಿಗೆ ನಮಸ್ಕಾರ. ಸೊಸೈಟಿ, ಕಾಲೇಜು, ಆಸ್ಪತ್ರೆಗಳಲ್ಲಿ ‘ಕಂಪ್ಯೂಟರ್ ನೋಡ್ಕೊಳ್ಳೋರು’ ಅನ್ನಿಸಿಕೊಂಡಿದ್ದೀರಲ್ಲ, ಈ ಮಾತು ನಿಮಗೆ. ನೆಟ್‌ವರ್ಕಿನಲ್ಲಿ ಯಾವ್ಯಾವ ಸಾಧನ ಇವೆ ಅಂತ ಸ್ಕ್ಯಾನ್ ಮಾಡ್ತೀರಿ. ಧಾರಾಳವಾಗಿ ಮಾಡಿ. ಆದರೆ ಸೆಕೆಂಡಿಗೆ ಎಷ್ಟು ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಪೊಟ್ಟಣ, ಹೋಗುತ್ತೆ ಅಂತ ಮೊದಲು ಲೆಕ್ಕ ಹಾಕಿ.

84 ಅಂತ ಬರೆದಿಟ್ಟುಕೊಳ್ಳಿ. ಸ್ಕ್ಯಾನಿನ ಒಂದು ಪುಟ್ಟ ಪ್ಯಾಕೆಟ್ ಈಥರ್ನೆಟ್ ತಂತಿಯಲ್ಲಿ ಹಿಡಿಯೋ ಜಾಗ 84 ಬೈಟ್. ಪ್ಯಾಕೆಟ್ ಹೊತ್ತ ಲಕೋಟೆ, ಅಂದರೆ ಫ್ರೇಮ್ 64, ಅದರ ಮುಂದೆ ಹೋಗೋ ಮುನ್ಸೂಚನೆ 8, ಹಿಂದಿನ ಬಿಡುವು 12. ಬೈಟಿಗೆ 8 ಬಿಟ್, ಆ ಲೆಕ್ಕದಲ್ಲಿ 672.

ಈಗ ಶಿವಮೊಗ್ಗದಲ್ಲಿ ಮುಖ್ಯ ಕಚೇರಿ, ತೀರ್ಥಹಳ್ಳಿಯಲ್ಲಿ ಶಾಖೆ, ನಡುವೆ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಲಕ್ಷ ಬಿಟ್ ಹೋಗೋ ಲೈನು ಅಂದುಕೊಳ್ಳಿ. ಶಾಖೆಯಲ್ಲಿ 254 ವಿಳಾಸ. ಯಾರು ಇದ್ದಾರೆ ಅಂತಷ್ಟೇ ಕೇಳಿದರೆ 21 ಕೆಬಿ, ಲೈನಿಗೆ ಗೊತ್ತೇ ಆಗಲ್ಲ. ಪ್ರತಿ ಸಾಧನಕ್ಕೂ ಪೋರ್ಟ್ ಅನ್ನೋ ನಂಬರು ಹಾಕಿದ ಬಾಗಿಲುಗಳಿರುತ್ತವೆ. ಸ್ಕ್ಯಾನ್ ಮಾಡೋ ಸಾಫ್ಟ್‌ವೇರ್ ಎನ್‌ಮ್ಯಾಪ್ ತಾನಾಗಿ ನೋಡೋ 1000 ಪೋರ್ಟಿಗೆ 21 ಎಂಬಿ. ಎಲ್ಲಾ 65,535 ಪೋರ್ಟ್ ಅಂದಿರೋ, 1.4 ಜಿಬಿ! ಉತ್ತರ ಬರೋದು ಬೇರೆ.

ಅಡಿಕೆ ಟೆಂಡರ್ ದಿನ, ರಾಶಿ, ಬೆಟ್ಟೆ ಧಾರಣೆ ಬರೋ ಹೊತ್ತಿಗೇ ಮುಖ್ಯ ಕಚೇರಿಯವರು ಈ ಎಲ್ಲಾ ಪೋರ್ಟಿನ ಸ್ಕ್ಯಾನ್ ಬಿಟ್ಟರು ಅನ್ನಿ. ಶಾಖೆಯಲ್ಲಿ ಬಿಲ್ ನಿಂತಿತು. ಮಳೆಗಾಲ ನೋಡಿ, ಮರ ಬಿದ್ದು ಕೇಬಲ್ ಹೋಗಿದೆ ಅಂತ ಎಲ್ಲರ ತೀರ್ಮಾನ. ಲೈನ್‌ಮ್ಯಾನ್ ಛತ್ರಿ ಹಿಡಿದು ಕಂಬ ಕಂಬ ನೋಡ್ತಾ ಹೊರಟ. ಕೇಬಲ್ ಗಟ್ಟಿಮುಟ್ಟಾಗೇ ಇದೆ! ಸ್ಕ್ಯಾನ್ ನಿಲ್ಲಿಸಿದ ಮೇಲೂ ಬಿಲ್ ಓಡಲಿಲ್ಲ. ಯಾಕೆ? ಸಣ್ಣ ರೂಟರ್ ಪ್ರತಿ ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತೆ. ಆ ಪಟ್ಟಿ ತುಂಬಿಹೋಗಿತ್ತು. ಹಳೇ ನಮೂದು ಅಳಿಸೋ ತನಕ ಹೊಸಬರಿಗೆ ಜಾಗವಿಲ್ಲ. ಅದಕ್ಕೇ ಹೇಳೋದು, ಎಷ್ಟು ಎಂಬಿ ಅಂತ ಮಾತ್ರ ನೋಡಬೇಡಿ, ಸೆಕೆಂಡಿಗೆ ಎಷ್ಟು ಪ್ಯಾಕೆಟ್ ನೋಡಿ.

ಲೈನಿನ ಹತ್ತರಲ್ಲೊಂದು ಪಾಲು ಸಾಕು. 2 ಲಕ್ಷ ಬಿಟ್ಟನ್ನು 672ರಿಂದ ಭಾಗಿಸಿ, ಹತ್ತಿರ ಹತ್ತಿರ 300. ಎನ್‌ಮ್ಯಾಪಿನಲ್ಲಿ ‘ಮ್ಯಾಕ್ಸ್ ರೇಟ್’ ಅನ್ನೋ ಆಯ್ಕೆಗೆ ಈ 300 ಕೊಡಿ. ಕೊಡದೆ ಎಂಟರ್ ಒತ್ತಬೇಡಿ, ದಯವಿಟ್ಟು.

ಸಮಯ ಆಗ್ತಾ ಬಂತು. ನೆಟ್‌ವರ್ಕಿನ ಕಾವಲುಗಾರ ಫೈರ್‌ವಾಲ್ ಉತ್ತರ ಕೊಡದಿದ್ದರೆ ಪ್ಯಾಕೆಟ್ ಮತ್ತೆ ಹೋಗುತ್ತೆ, ದುಪ್ಪಟ್ಟು ಹಿಡಿಯಿರಿ. ಪ್ರಿಂಟರಿನ 9100 ಪೋರ್ಟಿಗೆ ಸಾಫ್ಟ್‌ವೇರ್ ಆವೃತ್ತಿ ಕೇಳಲು ಹೋಗಬೇಡಿ, ಕಾಗದದ ಮೇಲೆ ಏನೇನೋ ಅಚ್ಚಾಗುತ್ತೆ.

ಸೆಕೆಂಡಿಗೆ 300ರಂತೆ 1000 ಪೋರ್ಟ್ 14 ನಿಮಿಷದ ಕೆಲಸ, ಊಟದ ಬಿಡುವಿನಲ್ಲಿ ಮುಗಿಯುತ್ತೆ. ಎಲ್ಲಾ ಪೋರ್ಟಿಗೆ ಹದಿನೈದು ಗಂಟೆ ಮೇಲೆ. ಸಂಜೆ 6ಕ್ಕೆ ಶುರು ಮಾಡಿದರೆ ಬೆಳಿಗ್ಗೆ ಒಂಬತ್ತೂಕಾಲು ದಾಟುತ್ತೆ. ಎರಡು ರಾತ್ರಿಗೆ ಹಂಚಿಕೊಳ್ಳಿ. ನಮಸ್ಕಾರ.